ಬಾಡಿಗೆ ಭತ್ಯೆಯೂ ಬಂಗುಡೆಯೂ

ನಮ್ಮ ಧನರಾಜಣ್ಣನಿಗೆ ಹೆಂಡತಿಯ ಮೇಲೆ ದೂರಿಲ್ಲ, ಮಗಳ ಮೇಲೆ ದೂರಿಲ್ಲ, ಮುಂಬಯಿಯ ಭಾಂಡುಪ್‌ಗೆ ಬರುವಾಗಲೇ ತುಂಬಿ ತುಳುಕುವ ಎಂಟು ಇಪ್ಪತ್ತರ ಲೋಕಲ್ ರೈಲಿನ ಮೇಲೂ ಹೇಳಿಕೊಳ್ಳುವಂಥ ದೂರಿಲ್ಲ. ಅವರಿಗಿದ್ದದ್ದು ಒಂದೇ ದೂರು, ಅದು ಆದಾಯ ತೆರಿಗೆಯದು. ಫೋರ್ಟಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಿಲ್ಲು ಬರೆಯುತ್ತಿರುವ ಮನುಷ್ಯ. ಸಂಬಳದ ಚೀಟಿ ಕೈಗೆ ಬಂದರೆ ಎಷ್ಟು ಬಂತು ಎಂದು ನೋಡುವುದಿಲ್ಲ, ಎಷ್ಟು ಹೋಯಿತು ಎಂದು ನೋಡುತ್ತಾರೆ. ನೋಡಿ ಆ ದಿನ ಚಹಾ ಕೂಡ ಅರ್ಧ ಕಪ್ಪು ಕುಡಿಯುತ್ತಾರೆ.

ತೆರಿಗೆಯ ವಿಷಯದಲ್ಲಿ ಅವರ ವಿದ್ಯಾಭ್ಯಾಸವೆಲ್ಲ ಲೋಕಲ್ಲಿನಲ್ಲಿ ನಿಂತುಕೊಂಡೇ ಆದದ್ದು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಡಬ್ಬಿ, ಕಿವಿಯಲ್ಲಿ ಪಕ್ಕದವನ ಉಪನ್ಯಾಸ. (ಆ ಪಕ್ಕದವನೂ ಹಾಗೆಯೇ ಇನ್ನೊಬ್ಬ ಪಕ್ಕದವನಿಂದ ಕಲಿತವನು.) ಈ ವಿದ್ಯೆಯ ಬಲದಿಂದಲೇ ಹಿಂದಿನ ವರ್ಷ ಸಾಹೇಬರು ಕರೆದು ಸಂಬಳ ಏರಿಸುತ್ತೇನೆ ಎಂದಾಗ ಕೈಮುಗಿದು ಬೇಡ ಎಂದು ಬಂದಿದ್ದರು. ಏರಿದರೆ ವರ್ಷದ ಸಂಬಳ ಹತ್ತು ಲಕ್ಷ ದಾಟುತ್ತದೆ, ದಾಟಿದರೆ ಮೂವತ್ತು ಪರ್ಸೆಂಟಿನ ಸ್ಲ್ಯಾಬಿಗೆ ಬೀಳುತ್ತೇನೆ, ಬಿದ್ದರೆ ಮೊದಲನೇ ರೂಪಾಯಿಯಿಂದ ಹಿಡಿದು ಇಡೀ ಸಂಬಳಕ್ಕೆ ಮೂವತ್ತು ಪರ್ಸೆಂಟು ಕಿತ್ತುಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ.

"ಏರಿಸ್ತೇನೆ ಅಂದವರಿಗೆ ಬೇಡ ಅಂದದ್ದಾ?" ಹೆಂಡತಿ ವಾರಿಜಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದರು.

"ನಿನಗೆ ಸ್ಲ್ಯಾಬ್ ಅಂದ್ರೆ ಗೊತ್ತಿಲ್ಲ."

"ಗೊತ್ತಿಲ್ಲ. ಬೇಡ ಅಂದ್ರೆ ಬರುದಿಲ್ಲ ಅಂತ ಮಾತ್ರ ಗೊತ್ತುಂಟು."

ಇಂಥ ಧನರಾಜಣ್ಣನಿಗೆ ಮಾರ್ಚ್ ತಿಂಗಳ ಒಂದು ದಿನ, ಕುರ್ಲಾ ಮತ್ತು ಸಯನ್ ನಡುವೆ ಲೋಕಲ್ ನಿಂತುಬಿಟ್ಟಾಗ, ಜ್ಞಾನೋದಯವಾಯಿತು. ಬಾಡಿಗೆ ಮನೆಯಲ್ಲಿ ಇರುವವನಿಗೆ ಕಂಪನಿ ಕೊಡುವ ಬಾಡಿಗೆ ಭತ್ಯೆಯ ಮೇಲೆ ತೆರಿಗೆ ವಿನಾಯಿತಿ ಉಂಟು. ತಾನು ಇರುವ ಮನೆ ತನ್ನದಲ್ಲ. ಅತ್ತೆಗೆ ಬಾಡಿಗೆ ಕೊಟ್ಟಂತೆ ಮಾಡಿ ರಸೀದಿ ಪಡೆದರೆ ಆಯಿತಲ್ಲ. ಅತ್ತೆಗೆ ಬೇರೆ ಆದಾಯವಿಲ್ಲ, ವಯಸ್ಸಾದವರು, ಅವರಿಗೆ ತೆರಿಗೆ ಬೀಳುವುದಿಲ್ಲ. ಕೊಟ್ಟ ಹಣವನ್ನು ಅವರು ಮರುದಿನ ಅಡುಗೆಮನೆಯಲ್ಲಿ ಮೆಲ್ಲ ವಾಪಸು ಕೊಡುತ್ತಾರೆ. ಲೋಕಲ್ ಹೊರಡುವಷ್ಟರಲ್ಲಿ ಧನರಾಜಣ್ಣ ಸರಕಾರವನ್ನು ಸೋಲಿಸಿ ಆಗಿತ್ತು.

ಅತ್ತೆ ಎಂದರೆ ಅಕ್ಕು ಮಾಮಿ. ವಯಸ್ಸು ಎಪ್ಪತ್ತನಾಲ್ಕು. ಗಂಡ ಕೊರಗಣ್ಣ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು, ಬೇಗ ತೀರಿಕೊಂಡರು. ಮಾಮಿ ಹೋಟೆಲ್ ಕೆಲಸದ ನಮ್ಮ ಊರಿನವರಿಗೆ ಎರಡು ಹೊತ್ತು ಊಟ ಹಾಕಿ ಹಾಕಿಯೇ ಭಾಂಡುಪಿನ ಈ ಎರಡು ಕೋಣೆಯ ಮನೆ ಮಾಡಿದವರು. ತುಳುನಾಡಿನ ನಮ್ಮವರ ಪದ್ಧತಿಯಲ್ಲಿ ಮನೆ ತಾಯಿಯಿಂದ ಮಗಳಿಗೆ ಹೋಗುವುದು. ಅಳಿಯನಾದವನು ಅಲ್ಲಿ ಉಣ್ಣಬಹುದು, ಮಲಗಬಹುದು, ಯಜಮಾನ ಎಂದು ಮೀಸೆ ತಿರುವಬಾರದು. ಮದುವೆಯಾದಂದಿನಿಂದ ಇಪ್ಪತ್ತೆರಡು ವರ್ಷ ಧನರಾಜಣ್ಣ ಅಲ್ಲಿಯೇ ಉಂಡರು, ಮಲಗಿದರು, ಮೀಸೆಯನ್ನೂ ತಿರುವಿದರು.

ಮೀಸೆ ತಿರುವಿದ್ದಕ್ಕೆ ಸಾಕ್ಷಿ ಬಾಗಿಲ ಮೇಲಿತ್ತು. ಮದುವೆಯಾದ ಮೂರನೇ ತಿಂಗಳು ಹಿತ್ತಾಳೆಯ ಬೋರ್ಡಿನಲ್ಲಿ 'ಧನರಾಜ್ ಸಾಲಿಯಾನ್' ಎಂದು ಬರೆಸಿ ತಾವೇ ಮೊಳೆ ಹೊಡೆದಿದ್ದರು. ಮಾಮಿ ನೋಡಿ ಒಳಗೆ ಹೋದರು. ಕೊರಿಯರಿನವರು, ಗ್ಯಾಸಿನವರು, ಕಟ್ಟಡದ ಸೊಸೈಟಿಯ ವಾಚ್‌ಮನ್ ಎಲ್ಲರೂ ಅದನ್ನು ಓದಿ ಅವರನ್ನೇ ಮಾಲೀಕ ಅಂದುಕೊಂಡರು. ಸೊಸೈಟಿಯ ರಿಜಿಸ್ಟರಿನಲ್ಲಿ ಓನರ್ ಸಹಿ ಬೇಕೆಂದಾಗಲೆಲ್ಲ ಸಹಿ ಹಾಕಿದ್ದೂ ಅವರೇ. ವರ್ಷ ಕಳೆದಂತೆ ಅವರೂ ಹಾಗೆಯೇ ಅಂದುಕೊಂಡರು.

"ಬರೇ ಕಾಗದದಲ್ಲಿ ಮಾಮಿ," ಎಂದರು ಧನರಾಜಣ್ಣ ಆ ಸಂಜೆ. "ನೀವು ಮಾಲೀಕರು, ನಾನು ಬಾಡಿಗೆದಾರ. ಹನ್ನೊಂದು ತಿಂಗಳ ಕರಾರು."

"ಕಾಗದದಲ್ಲಿ ಮಾತ್ರವಾ?" ಎಂದು ಕೇಳಿ ಮಾಮಿ ಎಲೆಗೆ ಸುಣ್ಣ ಹಚ್ಚಿದರು. ಅಷ್ಟೇ ಕೇಳಿದ್ದು.

ಕರಾರು ಪತ್ರ ಗಟ್ಟಿಮುಟ್ಟಾಗಿರಬೇಕು, ಟ್ಯಾಕ್ಸಿನವರು ತಿರುಗಿಸಿ ಮುರುಗಿಸಿ ನೋಡಿದರೂ ಬಿರುಕು ಕಾಣಬಾರದು ಎಂದು ಧನರಾಜಣ್ಣನ ಹಟ. ಲೋಕಲ್ಲಿನ ಗೆಳೆಯನೊಬ್ಬ ಘಾಟ್‌ಕೋಪರಿನಲ್ಲಿ ಶುದ್ಧ ಶಾಕಾಹಾರಿಗಳ ಕಟ್ಟಡದಲ್ಲಿ ಬಾಡಿಗೆಗಿದ್ದ. ಅವನ ಕರಾರಿನಲ್ಲಿ ಇಪ್ಪತ್ತೊಂದು ಕಲಂ ಇದ್ದವು. ಕಲಂ ಹೆಚ್ಚಿದ್ದಷ್ಟೂ ಭದ್ರ ಎಂದು ಧನರಾಜಣ್ಣ ಅದನ್ನೇ ನಕಲು ಮಾಡಿಸಿ ಹೆಸರು, ವಿಳಾಸ ಮಾತ್ರ ಬದಲಿಸಿದರು. ಓದಲಿಲ್ಲ. ಬಿಲ್ಲು ಬರೆಯುವವರಿಗೆ ಓದುವ ಅಭ್ಯಾಸ ಕಡಿಮೆ.

ಹೆಬ್ಬೆರಳು ಒತ್ತುವ ಮೆಶಿನು, ಕ್ಯಾಮರಾ ಹಿಡಿದುಕೊಂಡು ಕರಾರು ನೋಂದಾಯಿಸುವ ಏಜೆಂಟ್ ಮನೆಗೇ ಬಂದ. ಮಾಮಿ ಬೆರಳು ಚಾಚಲಿಲ್ಲ.

"ಮೊದಲು ಓದಿ ಹೇಳು," ಎಂದರು ಮೊಮ್ಮಗಳು ಯಕ್ಷಿತಾಳಿಗೆ. ಹಿಂದೊಮ್ಮೆ ಓದಿಸದೆ ಹೆಬ್ಬೆಟ್ಟು ಒತ್ತಿ ಊಟ ಹಾಕುತ್ತಿದ್ದ ಮೊದಲಿನ ಜಾಗ ಕಳೆದುಕೊಂಡವರು ಅವರು. ಆಮೇಲೆ ಅಕ್ಷರ ಕಲಿತರು, ಆದರೆ ಕನ್ನಡ ಮಾತ್ರ.

ಕಾಲೇಜಿಗೆ ಹೋಗುವ ಯಕ್ಷಿತಾ ಇಂಗ್ಲಿಷಿನಿಂದ ಹಿಂದಿಗೆ, ಹಿಂದಿಯಿಂದ ಕನ್ನಡಕ್ಕೆ ಏಣಿ ಇಳಿದಂತೆ ಇಳಿದು ಇಪ್ಪತ್ತೊಂದು ಕಲಂ ಓದಿದಳು. "ಅಜ್ಜಿ, ನಂಬರ್ ಏಳು. ಮಾಲೀಕ್ ಬರೆದು ಕೊಡದೆ ಬಾಡಿಗೆದಾರ್ ಗೋಡೆಗೆ, ಬಾಗಿಲಿಗೆ ಮೊಳೆ ಹೊಡೀಲಿಕ್ಕಿಲ್ಲ. ನಂಬರ್ ಒಂಬತ್ತು. ಮಾಲೀಕ್ ಬರೆದು ಕೊಡದೆ ಬಾಡಿಗೆದಾರ್ ಮನೇಲಿ ಮಚ್ಛೀ, ಮಟನ್, ಅಂಡಾ ತಿನ್ನಲಿಕ್ಕಿಲ್ಲ."

ಧನರಾಜಣ್ಣ ಆಗ ಏಜೆಂಟನ ಹತ್ತಿರ ಫೀಸು ಇಳಿಸುವ ಚೌಕಾಶಿಯಲ್ಲಿದ್ದರು. ಮಾಮಿ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ, ಹೆಬ್ಬೆರಳು ಒತ್ತಿದರು.

ಏಪ್ರಿಲಿನ ಮೊದಲ ಭಾನುವಾರ ಬಂತು. ಭಾನುವಾರವೆಂದರೆ ಮಾಮಿಯ ಬಂಗುಡೆ ಪುಳಿಮುಂಚಿ, ಹುಳಿ ಖಾರದ ಮೀನು ಸಾರು. ಮಣ್ಣಿನ ಚಟ್ಟಿಯಲ್ಲಿ ಅದು ಕುದಿಯುವ ಪರಿಮಳಕ್ಕೆ ಮೂರನೇ ಮಾಳಿಗೆಯವರು ಕೂಡ ಮಧ್ಯಾಹ್ನದ ನಿದ್ದೆ ಮುಂದೂಡುತ್ತಾರೆ. ಧನರಾಜಣ್ಣ ಸ್ನಾನ ಮುಗಿಸಿ, ತೋಳು ಮಡಚಿ ಕುಳಿತರು. ಮಾಮಿ ಮಗಳಿಗೆ ಬಡಿಸಿದರು, ಮೊಮ್ಮಗಳಿಗೆ ಬಡಿಸಿದರು, ತಮಗೂ ಹಾಕಿಕೊಂಡರು. ಅಳಿಯನ ಬಟ್ಟಲಿಗೆ ಬೇಳೆ ಸಾರೂ ಬೀನ್ಸ್ ಪಲ್ಯವೂ ಬಿತ್ತು.

"ಮಾಮಿ, ನನಗೆ ಮೀನು?"

"ನಿಮಗೆ ಒಂಬತ್ತನೇ ಕಲಂ ಉಂಟಲ್ಲ."

"ಅದು ಸುಮ್ಮನೆ ಬರೆದದ್ದು ಮಾಮಿ."

"ಅದು ಸುಮ್ಮನೆ ಬರೆದದ್ದಾದ್ರೆ ಬಾಡಿಗೆಯೂ ಸುಮ್ಮನೆ ಬರೆದದ್ದೇ. ನಾಳೆ ಟ್ಯಾಕ್ಸಿನವರು ಬಂದು ಕೇಳಿದ್ರೆ ನಾನು ಎಂತ ಹೇಳುದು? ಎಂಟು ನಿಜ, ಒಂಬತ್ತು ಸುಳ್ಳು, ಹತ್ತು ಮತ್ತೆ ನಿಜ ಅಂತ ಹೇಳ್ಲಿಕ್ಕೆ ಆಗ್ತದಾ? ಹೆಬ್ಬೆಟ್ಟು ನನ್ನದು ಮಾರಾಯ್ರೆ."

"ಪಪ್ಪಾ, ಬರೆದು ಕೇಳಿದ್ರೆ ಅಜ್ಜಿ ಪರ್ಮಿಷನ್ ಕೊಡಬಹುದು ಅಂತ ಉಂಟು," ಎಂದಳು ಯಕ್ಷಿತಾ ಮುಳ್ಳು ಬಿಡಿಸುತ್ತಾ. "ಒಂದು ಅಪ್ಲಿಕೇಶನ್ ಬರೀರಿ ನಾ."

"ನನ್ನ ಮನೆಯಲ್ಲಿ ಮೀನು ತಿನ್ಲಿಕ್ಕೆ ನಾನು ಅರ್ಜಿ ಹಾಕುದಾ?"

"ಯಾರ ಮನೆ?" ಎಂದು ಕೇಳಿದರು ವಾರಿಜಕ್ಕ. ದನಿ ಏರಿಸಿ ಕೇಳಲಿಲ್ಲ. ಉಪ್ಪು ಬೇಕಾ ಎಂದು ಕೇಳಿದ ಹಾಗೆ ಕೇಳಿದರು.

ಉತ್ತರ ಕರಾರಿನ ಮೊದಲ ಪುಟದಲ್ಲಿಯೇ ಇತ್ತು. ಅರ್ಜಿ ಬರೆದರೆ ಆ ಉತ್ತರವನ್ನು ತಮ್ಮ ಕೈಯಾರೆ ಬರೆದಂತಾಗುತ್ತದೆ ಎಂದು ಧನರಾಜಣ್ಣನಿಗೆ ಗೊತ್ತಿತ್ತು. ಅವರು ಬೇಳೆ ಸಾರು ಕಲಸಿದರು. ಹೀಗೆ ಕಲಸುತ್ತ ಒಂದಲ್ಲ ಎರಡಲ್ಲ, ಹತ್ತು ತಿಂಗಳು ಕಳೆದರು. ಫೋರ್ಟಿನಲ್ಲಿ ಮಧ್ಯಾಹ್ನ ಮೀನೂಟದ ಹೋಟೆಲಿಗೆ ಹೋಗಿ ನೋಡಿದರು. ಅಲ್ಲಿ ಮೀನಿತ್ತು, ಮಾಮಿಯ ಕೈ ಇರಲಿಲ್ಲ. ಕೊಟ್ಟ ಬಾಡಿಗೆಯೂ ವಾಪಸು ಬರಲಿಲ್ಲ. ಮೊದಲ ತಿಂಗಳು ಎರಡನೇ ತಾರೀಕು ಅಡುಗೆಮನೆಯಲ್ಲಿ ಬೇಡದ ನೀರು ಕುಡಿಯುತ್ತ ಬಹಳ ಹೊತ್ತು ನಿಂತಿದ್ದರು. ಮಾಮಿ ಕೊಟ್ಟದ್ದು ರಸೀದಿ ಮಾತ್ರ. ದುಂಡಗಿನ ಕನ್ನಡ ಅಕ್ಷರದಲ್ಲಿ, 'ಬಾಡಿಗೆ ಸಿಕ್ಕಿತು. ಧನ್ಯವಾದ. ಅಕ್ಕು.' ಪ್ರತಿ ತಿಂಗಳೂ ಅದೇ ಮೂರು ಸಾಲು.

ಆಗಸ್ಟಿನಲ್ಲಿ ಬಾಗಿಲ ಬೋರ್ಡಿನ ಮೊಳೆ ತುಕ್ಕು ಹಿಡಿದು ಬಿತ್ತು. ಏಳನೇ ಕಲಂ. ಮತ್ತೆ ಹೊಡೆಯಲು ಅರ್ಜಿ ಬೇಕು. ಬೋರ್ಡು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಳಿತಿತು. ಸೆಪ್ಟೆಂಬರಿನಲ್ಲಿ ಮಾಮಿ ಗಾರೆಯವರನ್ನು ಕರೆಸಿ ಬಚ್ಚಲುಮನೆಯ ಸೋರಿಕೆ ನಿಲ್ಲಿಸಿದರು. ಹನ್ನೊಂದು ವರ್ಷದಿಂದ ಸ್ನಾನಕ್ಕೆ ಕುಳಿತ ಧನರಾಜಣ್ಣನ ನೆತ್ತಿಯ ಮೇಲೆ ಮೇಲಿನ ಮನೆಯವರ ನೀರು ತೊಟ್ಟಿಕ್ಕುತ್ತಿತ್ತು. ಮಾಡಿಸುತ್ತೇನೆ ಮಾಡಿಸುತ್ತೇನೆ ಎಂದು ಅವರು ಹೇಳುತ್ತಿದ್ದದ್ದೂ ಹನ್ನೊಂದು ವರ್ಷವೇ.

ಜನವರಿಯಲ್ಲಿ ಆಫೀಸಿನವರು ವಿನಾಯಿತಿಯ ದಾಖಲೆಗಳನ್ನು ಕೇಳಿದರು. ಧನರಾಜಣ್ಣ ಎಲ್‌ಐಸಿ ರಸೀದಿ, ಬಾಡಿಗೆ ರಸೀದಿ, ಕರಾರು ಪತ್ರ ಎಲ್ಲವನ್ನೂ ಫೈಲಿಗೆ ಹಾಕಿ, ಒಂದು ಭಾನುವಾರ ಬೆಳಿಗ್ಗೆ ಮಾಟುಂಗಕ್ಕೆ ಹೊರಟರು. ಅಲ್ಲಿ ನಮ್ಮವರ ತೆರಿಗೆ ನೋಡಿಕೊಳ್ಳುವ ಹಿತೇಶನ ಆಫೀಸು. ಮಾಮಿಯೂ ಹೊರಟರು. ದೇವಸ್ಥಾನಕ್ಕೂ ಹೋದ ಹಾಗಾಯಿತು, ತಮ್ಮ ಬಾಡಿಗೆಗೆ ಟ್ಯಾಕ್ಸ್ ಉಂಟಾ ಎಂದು ಕೇಳಿದ ಹಾಗೂ ಆಯಿತು ಎಂದು.

ಹಿತೇಶ ಮೊದಲು ಮಾಮಿಯ ಕಾಗದ ನೋಡಿದ. "ಅಮ್ಮ, ನಿಮಗೆ ಏನೂ ಇಲ್ಲ. ನಿಮ್ಮ ಆದಾಯ ತೆರಿಗೆಯ ಮಿತಿಯ ಒಳಗೇ ಉಂಟು. ಅದರಲ್ಲೂ ಬಾಡಿಗೆಯಲ್ಲಿ ನೂರಕ್ಕೆ ಮೂವತ್ತು ರಿಪೇರಿಗೆ ಅಂತ ಸರಕಾರವೇ ಬಿಡ್ತದೆ."

"ಅದು ಯಕ್ಷಿತಾ ಮೊಬೈಲಿನಲ್ಲಿ ನೋಡಿ ಹೇಳಿದ್ಳು. ಹಾಗಾಗಿ ಬಚ್ಚಲುಮನೆ ಮಾಡಿಸಿದ್ದು. ಮೂವತ್ತಕ್ಕೆ ಸ್ವಲ್ಪ ಕಮ್ಮಿ ಆಗಿದೆ, ಕಿಟಿಕಿಗೆ ಬಣ್ಣ ಹೊಡೆಸ್ತೇನೆ."

ಹಿತೇಶ ಪೆನ್ನು ಕೆಳಗಿಟ್ಟ. "ಅಮ್ಮ, ಖರ್ಚು ಮಾಡ್ಲೇಬೇಕು ಅಂತ ಇಲ್ಲ. ಮಾಡದಿದ್ರೂ ಬಿಡ್ತಾರೆ. ಎಲ್ಲರೂ ಹಾಗೇ ತಗೊಳ್ತಾರೆ."

"ರಿಪೇರಿಗೆ ಅಂತ ಬಿಟ್ಟದ್ದನ್ನು ರಿಪೇರಿ ಮಾಡದೆ ಇಟ್ಕೊಳ್ಳುದು ಹೇಗೆ?" ಎಂದರು ಮಾಮಿ. ಇಂಥ ಪ್ರಶ್ನೆ ಹಿತೇಶನ ಆಫೀಸಿಗೆ ಅದುವರೆಗೆ ಬಂದಿರಲಿಲ್ಲ.

ಆಮೇಲೆ ಧನರಾಜಣ್ಣನ ಸರದಿ. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ತುಂಬಬಹುದಾ ಎಂದು ಕೇಳಿದರು. ಇಲ್ಲಿ ಹಾಗಿಲ್ಲ, ನಿಮ್ಮ ಸ್ಟೇಟಸ್ ಇಂಡಿವಿಜುವಲ್, ಅಂದರೆ ನೀವೊಬ್ಬ ಸ್ವತಂತ್ರ ವ್ಯಕ್ತಿ ಎಂದ ಹಿತೇಶ. ಮನೆಯಲ್ಲಿ ಸಿಗದ ಪದವಿ ಸರಕಾರದಿಂದ ಸಿಕ್ಕಿದ್ದಕ್ಕೆ ಧನರಾಜಣ್ಣ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಅಷ್ಟರಲ್ಲಿ ಹಿತೇಶ ಎರಡು ಲೆಕ್ಕ ಮಾಡಿ ಮುಗಿಸಿದ್ದ.

"ಅಣ್ಣ, ಟ್ಯಾಕ್ಸ್ ಲೆಕ್ಕಕ್ಕೆ ಈಗ ಎರಡು ಪದ್ಧತಿ ಉಂಟು, ಹಳೇದು, ಹೊಸತು. ಹಳೇ ಪದ್ಧತಿಯಲ್ಲಿ ಬಾಡಿಗೆ, ಎಲ್‌ಐಸಿ ಎಲ್ಲ ಕಳೆದ ಮೇಲೂ ನಿಮಗೆ ಮೂವತ್ತು ಸಾವಿರ ಚಿಲ್ಲರೆ ಟ್ಯಾಕ್ಸ್ ಬೀಳ್ತದೆ."

"ಹೊಸತರಲ್ಲಿ?"

"ಸೊನ್ನೆ."

"ಬಾಡಿಗೆ ರಸೀದಿ ಕೊಟ್ರೆ ಸೊನ್ನೆಯಾ?"

"ಹೊಸತರಲ್ಲಿ ಬಾಡಿಗೆ ರಸೀದಿ ಕೇಳುದೇ ಇಲ್ಲ. ನಿಮ್ಮಷ್ಟು ಸಂಬಳ ಇದ್ದವರು ಏನೂ ಮಾಡದೆ ಸುಮ್ಮನೆ ಮನೇಲಿ ಕೂತ್ರೂ ಈ ವರ್ಷ ಸೊನ್ನೆಯೇ. ಹಳೇದೇ ಬೇಕು ಅಂತ ಆಫೀಸಿನಲ್ಲಿ ನೀವೇ ಬರೆದು ಕೊಟ್ಟಿದ್ದೀರಿ. ತೊಂದರೆ ಇಲ್ಲ, ರಿಟರ್ನ್ ತುಂಬುವಾಗ ಹೊಸತನ್ನು ಆರಿಸುವ. ಸಂಬಳದಲ್ಲಿ ಕಡಿದದ್ದು ವಾಪಸು ಬರ್ತದೆ."

ಧನರಾಜಣ್ಣನ ಕಣ್ಣ ಮುಂದೆ ನಲವತ್ತಕ್ಕೂ ಹೆಚ್ಚು ಭಾನುವಾರಗಳ ಬೇಳೆ ಸಾರು ಒಟ್ಟಿಗೆ ಹರಿದುಹೋಯಿತು. ಕೊನೆಯ ಮಾನ ಉಳಿಸಿಕೊಳ್ಳಲು, ಸಂಬಳ ಏರಿಸುವುದು ಬೇಡ ಎಂದ ಕಥೆ ಹೇಳಿದರು. ಅದರಲ್ಲಾದರೂ ತಾನು ಜಾಣ ಎಂದು ಹಿತೇಶ ಹೇಳಿಯಾನು ಎಂಬ ಆಸೆ.

ಹಿತೇಶ ಬಾಯಿ ತೆರೆಯುವ ಮೊದಲೇ ಮಾಮಿ ಕೇಳಿದರು. "ಈ ಸ್ಲ್ಯಾಬ್ ಅಂದ್ರೆ ಕರೆಂಟ್ ಬಿಲ್ಲಿನ ಹಾಗೆಯೇ ಅಲ್ವಾ? ಮೊದಲ ನೂರು ಯೂನಿಟಿಗೆ ಒಂದು ರೇಟು. ನೂರ ಒಂದು ಸುಟ್ರೆ ಆ ಒಂದಕ್ಕೆ ಮಾತ್ರ ಜಾಸ್ತಿ ರೇಟು. ಮೊದಲಿನ ನೂರಕ್ಕೆ ಹಳೇ ರೇಟೇ."

"ಅಷ್ಟೇ ಅಮ್ಮ. ದಾಟಿದ ಪಾಲಿಗೆ ಮಾತ್ರ."

"ಇಪ್ಪತ್ತು ವರ್ಷದಿಂದ ಕರೆಂಟ್ ಬಿಲ್ ಕಟ್ಟುದು ನಾನಲ್ವಾ," ಎಂದರು ಮಾಮಿ, ಯಾರನ್ನೂ ನೋಡದೆ.

ಕೆಳಗಿಳಿದು ಇಬ್ಬರೂ ಉಡುಪಿ ಹೋಟೆಲಿನಲ್ಲಿ ಕಾಫಿಗೆ ಕುಳಿತರು. ಮಾಮಿ ಲೋಟದಿಂದ ಬಟ್ಟಲಿಗೆ ಕಾಫಿ ಆರಿಸಿಕೊಳ್ಳುತ್ತಿದ್ದರು. ಧನರಾಜಣ್ಣ ಕೈಯಲ್ಲಿದ್ದ ಫೈಲು ಬಿಚ್ಚಿ ಸುಮ್ಮನೆ ತಿರುವಿದರು. ಹತ್ತು ರಸೀದಿಗಳು. ಹತ್ತರಲ್ಲೂ ಧನ್ಯವಾದ, ಅಕ್ಕು. ಹತ್ತು ತಿಂಗಳು ಬಾಡಿಗೆ ಕೊಟ್ಟದ್ದಕ್ಕೆ ಇವರು ಹತ್ತು ಸಲ ಧನ್ಯವಾದ ಬರೆದಿದ್ದಾರೆ. ಅದಕ್ಕೂ ಮೊದಲು ವರ್ಷಗಟ್ಟಲೆ ಬಾಡಿಗೆ, ಕರೆಂಟ್ ಬಿಲ್ಲು ಏನನ್ನೂ ಕೇಳದೆ ಇಟ್ಟುಕೊಂಡದ್ದಕ್ಕೆ ತಾನು ಎಷ್ಟು ಸಲ ಹೇಳಿದ್ದೇನೆ ಎಂದು ಎಣಿಸಲು ಹೊರಟರು. ಅದೂ ಸೊನ್ನೆ. ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೂಡ ಅವರು ಯಾವತ್ತೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಆಮೇಲೆ, ಯಾಕೋ, ಬಹಳ ಹಗುರವೂ ಆಯಿತು. ಮುಂಬಯಿಯಲ್ಲಿ ತಲೆಯ ಮೇಲೊಂದು ಸೂರಿಗಾಗಿ ಜನ ಜೀವ ತೇಯುತ್ತಾರೆ, ತನಗೆ ಅದು ಮದುವೆಯ ಊಟದಷ್ಟು ಸುಲಭವಾಗಿ ಸಿಕ್ಕಿತ್ತು.

"ಮಾಮಿ, ನಿಮ್ಮ ಹತ್ತಿರ ಒಂದು ಹಾಳೆ ಉಂಟಾ?"

ಮಾಮಿ ಚೀಲದಿಂದ ದೇವಸ್ಥಾನದ ಸೇವಾ ಚೀಟಿ ತೆಗೆದುಕೊಟ್ಟರು. ಹಿಂಬದಿ ಖಾಲಿ ಇತ್ತು. ಇಪ್ಪತ್ತಾರು ವರ್ಷ ಬಿಲ್ಲು ಬರೆದ ಕೈ ಬರೆಯಿತು.

'ಮಾನ್ಯ ಮನೆ ಮಾಲೀಕರಾದ ಅಕ್ಕು ಅವರಿಗೆ, ತಮ್ಮ ಬಾಡಿಗೆದಾರನೂ ಅಳಿಯನೂ ಆದ ಧನರಾಜನ ಅರಿಕೆ. ನಾನು ಇಪ್ಪತ್ತೆರಡು ವರ್ಷಗಳಿಂದ ತಮ್ಮ ಮನೆಯಲ್ಲಿ ವಾಸವಾಗಿದ್ದು, ಈ ಅವಧಿಯಲ್ಲಿ ಧನ್ಯವಾದವನ್ನು ಒಮ್ಮೆಯೂ ಸಲ್ಲಿಸಿರುವುದಿಲ್ಲ. ಅದನ್ನು ಈ ಮೂಲಕ ಬಾಕಿ ಸಮೇತ ಸಲ್ಲಿಸುತ್ತಿದ್ದೇನೆ. ಏಳನೇ ಕಲಂ ಪ್ರಕಾರ, ತಮ್ಮ ಹೆಸರಿನ ಹೊಸ ಬೋರ್ಡನ್ನು ಬಾಗಿಲಿಗೆ ಹಾಕಲು ಎರಡು ಮೊಳೆಗಳಿಗೆ ಒಪ್ಪಿಗೆ ಕೊಡಬೇಕು. ಒಂಬತ್ತನೇ ಕಲಂ ಪ್ರಕಾರ, ಬಂಗುಡೆಗೂ ದಯಮಾಡಿ ಒಪ್ಪಿಗೆ ಕೊಡಬೇಕು.'

ಮಾಮಿ ಎರಡು ಸಲ ಓದಿದರು. ಸೆರಗಿನಿಂದ ಕನ್ನಡಕ ಒರೆಸಿದರು, ಕಣ್ಣನ್ನೂ. "ಒಂದು ಸಾಲು ಬರೀತೀರಿ ಅಂತ ಹತ್ತು ತಿಂಗಳಿಂದ ಕಾಯ್ತಿದ್ದೆ," ಎಂದರು. "ನಿಮಗೆ ಹಾಕದೆ ತಿಂದ ಮೀನು ನನಗೆ ಸೇರ್ಲಿಲ್ಲ ಮಾರಾಯ್ರೆ." ನಂತರ ಪೆನ್ನು ತೆಗೆದುಕೊಂಡು ಕೆಳಗೆ ಬರೆದರು. ಏನು ಬರೆದರೆಂದು ತೋರಿಸಲಿಲ್ಲ.

ಭಾಂಡುಪ್‌ನಲ್ಲಿ ಇಳಿದು ಮಾರ್ಕೆಟಿನಿಂದ ಬಂಗುಡೆ ತಂದರು, ಎರಡು ಗಂಟೆಗೆ ಚಟ್ಟಿ ಒಲೆಯಿಂದ ಇಳಿಯಿತು. ಎಲ್ಲರೂ ಕುಳಿತ ಮೇಲೆ ಯಕ್ಷಿತಾ ಮಾಮಿಯ ಆದೇಶ ಓದಿದಳು. ಕನ್ನಡ ಅಕ್ಷರ ಓದುವಾಗ ಅವಳು ತಡವರಿಸುತ್ತಾಳೆ, ಆದ್ದರಿಂದ ಅದು ಇನ್ನಷ್ಟು ಗಂಭೀರವಾಗಿ ಕೇಳಿಸಿತು.

"ಮೊಳೆಗೆ ಒಪ್ಪಿಗೆ. ಬೋರ್ಡಿನಲ್ಲಿ ಎಲ್ಲರ ಹೆಸರೂ ಇರ್ಲಿ. ಬಂಗುಡೆ, ಎರಡು ತುಂಡಿನವರೆಗೆ ಏನೂ ಇಲ್ಲ. ಮೂರನೇ ತುಂಡಿಗೆ ಅವರ ಬಟ್ಟಲು ಅವರೇ ತೊಳೀಬೇಕು. ನಾಲ್ಕನೇದಕ್ಕೆ ಎಲ್ಲರ ಬಟ್ಟಲು. ಐದನೇದಕ್ಕೆ ಮೀನಿನ ಚಟ್ಟಿ."

ಹಳೆಯ ಧನರಾಜಣ್ಣ ಆಗಿದ್ದರೆ ಎರಡಕ್ಕೇ ಎದ್ದು ಕೈ ತೊಳೆಯುತ್ತಿದ್ದರು. ಮೂರು ಮುಟ್ಟಿದರೆ ಮೊದಲಿನ ಎರಡೂ ಕೈತಪ್ಪುತ್ತವೆ ಎಂದು ಹೆದರುತ್ತಿದ್ದರು. ಈಗ ಹಾಗಲ್ಲ, ಅವರಿಗೆ ಸ್ಲ್ಯಾಬ್ ಅರ್ಥವಾಗಿತ್ತು. ಮೂರನೆಯದು ಹಾಕಿಸಿಕೊಂಡರು, ನಾಲ್ಕನೆಯದು ಹಾಕಿಸಿಕೊಂಡರು, ವಾರಿಜಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿರುವಂತೆಯೇ ಐದನೆಯದನ್ನೂ ಹಾಕಿಸಿಕೊಂಡರು. ಸೋಮವಾರ ಸಾಹೇಬರ ಮುಂದೆ ನಿಂತು ಆ ಸಂಬಳ ಏರಿಸುವ ವಿಷಯ ಕೇಳಬೇಕು ಎಂದು ನಿರ್ಧರಿಸಿದ್ದೂ ಆ ಐದನೇ ತುಂಡಿನ ಧೈರ್ಯದಲ್ಲಿಯೇ.

ಬಟ್ಟಲುಗಳು ಮುಗಿದು ಚಟ್ಟಿಗೆ ಕೈ ಹಾಕುವಷ್ಟರಲ್ಲಿ ಕರೆಗಂಟೆ ಕೇಳಿಸಿತು. ಧನರಾಜಣ್ಣ ಸಾಬೂನಿನ ಕೈಯಲ್ಲಿಯೇ ಹೋಗಿ ಬಾಗಿಲು ತೆರೆದರು. ಸೊಸೈಟಿಯ ಹೊಸ ವಾಚ್‌ಮನ್ ರಿಜಿಸ್ಟರ್ ಹಿಡಿದು ನಿಂತಿದ್ದ. ಬಾಗಿಲ ಮೇಲೆ ಬೋರ್ಡಿರಲಿಲ್ಲ. ಎದುರಿಗೆ ಬನಿಯನ್ ತೊಟ್ಟ ಮನುಷ್ಯ, ಮೊಣಕೈತನಕ ನೊರೆ.

"ಓನರ್ ಕಾ ಸಹೀ ಚಾಹಿಯೇ," ಎಂದ. ಮೇಲೆ ಕೆಳಗೆ ನೋಡಿ ಕೇಳಿದ, "ಆಪ್ ಕೌನ್?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಧನರಾಜಣ್ಣ ಪೆನ್ನಿಗೆ ಕೈ ಚಾಚಲಿಲ್ಲ. "ಓನರ್ ಅಂದರ್ ಹೈ. ಮೈ ಕಿರಾಯೇದಾರ್ ಹೂಂ," ಎಂದು ಬಾಡಿಗೆದಾರನಿಗೆ ತಕ್ಕ ವಿನಯದಿಂದ ಹೇಳಿ, ಒಳಗೆ ತಿರುಗಿ ಕರೆದರು. "ಮಾಮಿ, ನಿಮ್ಮನ್ನು ಕೇಳ್ತಾ ಇದ್ದಾರೆ."

"ಕಿರಾಯೇದಾರ್ ಎಂಥದು?" ಮಾಮಿ ಒಳಗಿಂದ ಎದ್ದು ಬರುತ್ತ ಗದರಿಸಿದರು. "ಮನೆ ಅಳಿಯ ಅಂತ ಹೇಳಿ."

ಹಾಗಾದರೆ ಬರುವ ತಿಂಗಳ ಬಾಡಿಗೆ ಮನ್ನಾ ತಾನೇ ಎಂದು ಕೇಳಬೇಕೆಂದು ಧನರಾಜಣ್ಣನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾಮಿ ಸಹಿ ಹಾಕುತ್ತ, ತಲೆ ಎತ್ತದೆ, "ಚಟ್ಟಿ ಆಯ್ತಾ?" ಎಂದು ಕೇಳಿದರು. ಧನರಾಜಣ್ಣ ಒಳಗೆ ಹೋಗಿ ಚಟ್ಟಿ ಉಜ್ಜತೊಡಗಿದರು.